ಎದುರು ನೀರು, ಹಿಂದಿನ ಗಾಳಿ

ತಮಿಳುನಾಡಿನ ಮಡತ್ತುಕುಳಂನಿಂದ ಅಮರಾವತಿ ಅಣೆಕಟ್ಟಿಗೆ ಹೊರಟವರು ಸಾಮಾನ್ಯವಾಗಿ ಪಳನಿ–ಉಡುಮಲೈಪೇಟೆ ಹೆದ್ದಾರಿ ಹಿಡಿಯುತ್ತಾರೆ. ಸೈಕಲ್ಲಿನವರಿಗೆ ಅದು ಬೇಡ. ಲಾರಿಗಳ ಗದ್ದಲ ಹಾಗಿರಲಿ, ಆ ರಸ್ತೆ ಈ ಸೀಮೆಯ ಗುಟ್ಟನ್ನೇ ಬಿಟ್ಟುಕೊಡುವುದಿಲ್ಲ. ಇಲ್ಲಿ ಊರುಗಳನ್ನು ಪೋಣಿಸಿರುವುದು ನೀರು. ಕಲ್ಲಾಪುರಂ, ಕುಮರಲಿಂಗಂ, ಕಣ್ಣಾಡಿಪುತ್ತೂರು, ಚೋಳಮಾದೇವಿ, ಕಣಿಯೂರು, ಕಡತ್ತೂರು, ಕಾರತ್ತೊಳುವು: ಇವು ಊರಿನ ಹೆಸರೂ ಹೌದು, ಕಾಲುವೆಯ ಹೆಸರೂ ಹೌದು. ರಾಮಕುಳಂ ಸೇರಿದರೆ ಒಟ್ಟು ಎಂಟು ರಾಜವಾಯ್ಕಾಲುಗಳು. ಅಣೆಕಟ್ಟು ಬಂದದ್ದು 1957ರಲ್ಲಿ. ಕಾಲುವೆಗಳು ಅದಕ್ಕಿಂತ ಎಷ್ಟೋ ಹಳೆಯವು.

ಆದ್ದರಿಂದ ನಸುಕಿನಲ್ಲೇ ಕೊಳುಮಂ ಕಡೆಗೆ ತಿರುಗಬೇಕು. ಕಾರಿನವರಿಗೆ ಸಪಾಟಾಗಿ ಕಾಣುವ ಆ ರಸ್ತೆ ಏರು ಎಂದು ಮೊದಲು ತಿಳಿಯುವುದು ತೊಡೆಗೆ. ಪಕ್ಕದ ಕಾಲುವೆ ನಮಗೆದುರಾಗಿ ಹರಿದು ಬರುತ್ತಿರುವುದನ್ನು ಕಣ್ಣು ಆಮೇಲೆ ಗಮನಿಸುತ್ತದೆ. ಮಟ್ಟ ನೋಡುವ ಯಂತ್ರವಿಲ್ಲದ ಕಾಲದಲ್ಲಿ ಇಷ್ಟು ಸಣ್ಣ ಇಳಿಜಾರನ್ನು ಹಿಡಿದು ನೀರು ನಡೆಸಿದವರ ಮೇಲೆ ಗೌರವ ಬರಬೇಕಾದರೆ, ಅದನ್ನು ಒಮ್ಮೆ ತುಳಿದೇ ಏರಬೇಕು.

ಕುಮರಲಿಂಗದ ಬಳಿ ಒಬ್ಬರು ಮಡೆ ತಿರುಗಿಸುತ್ತಿದ್ದರು. ಪಂಚೆ ಮೇಲೆತ್ತಿ ಕಟ್ಟಿ, ಸನಿಕೆಯಲ್ಲಿ ಎರಡು ಹೆಂಟೆ ಎಳೆದು, ಮಣ್ಣು ತುಂಬಿದ ಗೋಣಿಚೀಲವನ್ನು ಕಾಲಲ್ಲೇ ಅದುಮಿ ಕೂರಿಸಿದರು. ಒಂದು ಗದ್ದೆಗೆ ನುಗ್ಗುತ್ತಿದ್ದ ನೀರು ತಬ್ಬಿಬ್ಬಾಗಿ ನಿಂತು, ಸುಳಿ ಸುತ್ತಿ, ಪಕ್ಕದ ಗದ್ದೆಯ ಬಿರುಕುಗಳಿಗೆ ಇಳಿಯಿತು. ಬಿರುಕುಗಳಿಂದ ಗುಳುಗುಳು ಗುಳ್ಳೆ ಎದ್ದವು. ಒಳಗಿದ್ದ ಹುಳಹುಪ್ಪಟೆ ಪ್ರಾಣ ಉಳಿಸಿಕೊಳ್ಳಲು ಮೇಲೆ ಬಂದವು. ಬೆಳ್ಳಕ್ಕಿಗಳು ಅದಕ್ಕಾಗಿಯೇ ಸಾಲಾಗಿ ಕಾದಿದ್ದವು. ನಮ್ಮ ಕಡೆಯ ನೀರುಗಂಟಿಗಳ ಕೆಲಸ ಬಲ್ಲವರಿಗೆ ಇದೇನೂ ಹೊಸದಲ್ಲ. ಆದರೂ ಸೈಕಲ್ಲಿಗೆ ಒರಗಿ ಸುಮಾರು ಹೊತ್ತು ನೋಡಿದೆ. ಮುಂದೆ ಕಬ್ಬು, ತೆಂಗು, ನಡುನಡುವೆ ಆಲೆಮನೆಯ ಹೊಗೆ. ಬಿಸಿ ಬೆಲ್ಲದ ವಾಸನೆಗೆ ಹಸಿದ ಹೊಟ್ಟೆಯಲ್ಲಿ ಯಾರೂ ಸಿಗಬಾರದು.

ಅಣೆಕಟ್ಟಿನ ಹತ್ತಿರ 1976ರಿಂದ ಮೊಸಳೆ ಸಾಕುವ ಕೇಂದ್ರವಿದೆ. ಮೊಸಳೆಗಳನ್ನು ನೋಡಿ ನನಗೆ ವಿಶೇಷವೇನೂ ಅನ್ನಿಸಲಿಲ್ಲ. ನನ್ನನ್ನು ನೋಡಿ ಅವಕ್ಕೂ ಅನ್ನಿಸಿದಂತೆ ಕಾಣಲಿಲ್ಲ. ನೀರಿನ ಕತೆ ಹೆಚ್ಚು ಸ್ವಾರಸ್ಯದ್ದು. ಕೇರಳದಿಂದ ಪೂರ್ವಕ್ಕೆ ಹರಿದು ಬರುವ ನದಿಗಳು ಮೂರೇ: ಕಬಿನಿ, ಭವಾನಿ, ಪಾಂಬಾರ್. ಒಂದು ನಮ್ಮ ಹೆಗ್ಗಡದೇವನಕೋಟೆಗೆ ಬಂದರೆ, ಪಾಂಬಾರ್ ಇಲ್ಲಿಗೆ ಬಂದು ಅಮರಾವತಿಯಾಗುತ್ತದೆ. ಕರೂರಿನ ಹತ್ತಿರ ಅದೂ ಕಾವೇರಿಯ ಪಾಲು.

ಅಮರಾವತಿ ಅಣೆಕಟ್ಟಿನಿಂದ ಆನೆಮಲೆಯ ಸಾಲನ್ನು ಎಡಕ್ಕಿಟ್ಟುಕೊಂಡು ಪಶ್ಚಿಮಕ್ಕೆ, ತಿರುಮೂರ್ತಿ ಅಣೆಕಟ್ಟಿಗೆ. ಆಷಾಢದಲ್ಲಿ ಹೋದರೆ ಈ ತುಂಡೇ ಕಷ್ಟ. ಪಶ್ಚಿಮಘಟ್ಟದಲ್ಲಿ ಪಾಲಕ್ಕಾಡಿನ ಬಳಿ ಸುಮಾರು 30 ಕಿಲೋಮೀಟರ್ ಅಗಲದ ಬಾಗಿಲು ತೆರೆದಿದೆ. ಮುಂಗಾರು ಗಾಳಿ ಅಲ್ಲಿಂದ ನುಗ್ಗಿ ನೇರ ಎದೆಗೆ ಬಡಿಯುತ್ತದೆ. ಉಡುಮಲೈ ಸುತ್ತ ಅಷ್ಟೊಂದು ಗಾಳಿಯಂತ್ರಗಳು ಯಾಕೆ ಎಂದು ಯಾರನ್ನೂ ಕೇಳಬೇಕಿಲ್ಲ. ಸಮತಟ್ಟು ರಸ್ತೆಯಲ್ಲೂ ಸಣ್ಣ ಗೇರು ಹಾಕಿಕೊಂಡು ತಲೆ ತಗ್ಗಿಸಿ ತುಳಿಯುವುದೇ. ತಿರುಮೂರ್ತಿಯಲ್ಲಿ ನಿಂತಿರುವ ನೀರಿಗಂತೂ ನನಗಿಂತ ಹೆಚ್ಚು ಸುತ್ತಾಟ: ಪಶ್ಚಿಮಕ್ಕೆ ಹರಿಯಬೇಕಿದ್ದ ಹೊಳೆಗಳನ್ನು ಪರಂಬಿಕುಳಂ–ಆಳಿಯಾರ್ ಯೋಜನೆ ಸುರಂಗ, ಕಾಲುವೆಗಳಲ್ಲಿ ಪೂರ್ವಕ್ಕೆ ತಿರುಗಿಸಿ ಇಲ್ಲಿಗೆ ತಂದಿದೆ.

ಮಧ್ಯಾಹ್ನದ ಮೇಲೆ ಎಲ್ಲ ಸಾಲ ಬಡ್ಡಿಸಮೇತ ವಾಪಸು. ಇಳಿಜಾರು, ಬೆನ್ನಿಗೆ ಗಾಳಿ, ತಳಿ ಎಂಬ ಊರಿನಿಂದ ಉಡುಮಲೈವರೆಗೆ ಏಳು ಕೆರೆಗಳ ಸರಣಿ. ಪೆರಿಯಕುಳಂ, ಸೆಂಗುಳಂ, ಒಟ್ಟುಕುಳಂ ಒಂದೊಂದಾಗಿ ಸಿಗುತ್ತವೆ. ಏರಿಯ ಮೇಲೆ ಪೆಡಲ್ ಬಿಟ್ಟರೂ ಸೈಕಲ್ಲು ಓಡುತ್ತದೆ.

ಉಡುಮಲೈಯ ಟೀ ಅಂಗಡಿಯಲ್ಲಿ ನಾನು ಫೋನಿನಲ್ಲಿ ಆಡಿದ ಮಾತು ಕೇಳಿ, ಬೆಂಚಿನಲ್ಲಿದ್ದ ಹಿರಿಯರೊಬ್ಬರು “ಯಾವೂರಪ್ಪಾ?” ಎಂದರು. ನೇಕಾರಿಕೆಯ ದೇವಾಂಗದವರು; ಕೊಂಗುನಾಡಿಗೆ ಬಂದು ತಲೆಮಾರುಗಳಾದರೂ ಮನೆಮಾತು ಕನ್ನಡವೇ. ಬೆಳಗಿನಿಂದ ಸುತ್ತಿದ ಊರುಗಳ ಹೆಸರು ಹೇಳಿದೆ.

“ಅದಕ್ಕೆಲ್ಲ ಬಸ್ಸಿದೆಯಲ್ಲಪ್ಪಾ?”

ಇದೆ ತಾತ, ಎಂದೆ. ಅವರು ಎದ್ದು ಬಂದು ಟೈರು ಒತ್ತಿ, ಬ್ರೇಕು ಹಿಡಿದು ನೋಡಿ, ಬೆಲೆ ಕೇಳಿದರು. ಅರ್ಧಕ್ಕಿಳಿಸಿ ಹೇಳಿದೆ. ಅಷ್ಟಕ್ಕೆ ಒಂದು ಹಳೇ ಸ್ಕೂಟರೇ ಬರುತ್ತಿತ್ತು ಎಂದು ಅವರು ಟೀ ಅಂಗಡಿಯವನಿಗೆ ತಮಿಳಿನಲ್ಲಿ ವರದಿ ಒಪ್ಪಿಸಿದರು.