ಅಟ್ಟದ ಮೇಲಿನ ಕಾಯಿ

"ಅವರಪ್ಪ ಪ್ರಕಾಶ್ ಪಡುಕೋಣೆ ಕಣೇ. ಅವಳು ಹೀರೋಯಿನ್ ಆಗದೆ ಇನ್ಯಾರು ಆಗ್ತಾರೆ?"

ನಮ್ಮ ಲೇಡೀಸ್ ಹಾಸ್ಟೆಲ್ ಮೆಸ್ಸಿನಲ್ಲಿ ದೀಪಿಕಾ ಪಡುಕೋಣೆ ವಿಷಯ ಬಂದಾಗಲೆಲ್ಲ ಈ ಡೈಲಾಗ್ ಬಂದೇ ಬರುತ್ತೆ. ಎದುರು ಟೇಬಲ್‌ನಿಂದ ಉತ್ತರವೂ ರೆಡಿ ಇರುತ್ತೆ: "ದೊಡ್ಡ ಆಟಗಾರರ ಮಕ್ಕಳೆಲ್ಲ ದೀಪಿಕಾ ಆಗಿದ್ದಾರಾ? ತೋರಿಸು ನೋಡೋಣ." ಅನ್ನ ಸಾರು ತಣ್ಣಗಾಗುತ್ತೆ, ವಾದ ಮಾತ್ರ ಬಿಸಿಯಾಗೇ ಇರುತ್ತೆ. ನಾವು ಮೂವರು ರೂಮ್‌ಮೇಟ್‌ಗಳಿಗೆ ಈ ವಾದ ಬರೀ ಟೈಮ್‌ಪಾಸ್ ಆಗಿ ಉಳಿಯಲಿಲ್ಲ. ಕಾರಣ, ನಮ್ಮ ನಾಲ್ಕನೆಯವಳು.

ಅವಳದು ಅರಸೀಕೆರೆ. ಎಲೆಕ್ಟ್ರಾನಿಕ್ಸ್, ಎಂಟನೇ ಸೆಮ್. ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿ ಕೆಲಸ ಸಿಕ್ಕಿದೆ. ಮೂರನೇ ವರ್ಷದ ಫೆಸ್ಟ್‌ನಲ್ಲಿ ಅವಳು ರ‍್ಯಾಂಪ್ ಮೇಲೆ ನಡೆದಾಗ ಹಿಂದಿನ ಸಾಲಿನ ಗಲಾಟೆ ಹುಡುಗರೂ ಸುಮ್ಮನಾಗಿದ್ದರು. ಆಮೇಲೆ ಎರಡು ಸೀರೆ ಅಂಗಡಿಗಳ ಫೋಟೊಶೂಟ್, ಒಂದು ಶಾರ್ಟ್ ಫಿಲ್ಮ್. ಒಬ್ಬ ಕೋಆರ್ಡಿನೇಟರ್ "ಚಾನ್ಸ್ ಕೊಡಿಸ್ತೀನಿ, ಮೊದಲು ರಿಜಿಸ್ಟ್ರೇಷನ್ ಫೀ ಕಳಿಸಿ" ಅಂದ. ಅವನ ನಂಬರ್ ಬ್ಲಾಕ್ ಆಯಿತು, ಆಸೆ ಮಾತ್ರ ಹಾಗೇ ಉಳಿಯಿತು. ಓದು ಮುಗಿದ ಮೇಲೆ ಒಂದು ವರ್ಷ ಮಾಡೆಲಿಂಗ್, ಆ್ಯಕ್ಟಿಂಗ್ ಅಂತ ಪ್ರಯತ್ನ ಮಾಡಬೇಕು ಅನ್ನೋದು ಅವಳ ಲೆಕ್ಕ. ಅದನ್ನು ಮನೆಯಲ್ಲಿ ಹೇಳಬೇಕಿತ್ತು. "ನೀವೂ ಬನ್ರೇ, ಹಾಗೇ ಬೇಲೂರು ಹಳೇಬೀಡು ನೋಡ್ಕೊಂಡು ಬರೋಣ" ಅಂದಳು. ಎರಡನೇ ಶನಿವಾರ ನೋಡಿಕೊಂಡು ಹೊರಟೆವು.

ಟ್ರೇನಿನಲ್ಲಿ ಅದೇ ವಾದ ಮುಂದುವರಿಯಿತು. ಹಾಗಾಗಿ ಗೊತ್ತಿರೋ ವಿಷಯಗಳನ್ನು ಮೊದಲು ಸಾಲಾಗಿ ಇಟ್ಟೆವು. ಪಡುಕೋಣೆ ಕುಂದಾಪುರದ ಕಡೆಯ ಊರು. ದೀಪಿಕಾ ಹುಟ್ಟಿದ್ದು 1986ರ ಜನವರಿ 5ರಂದು, ದೂರದ ಕೋಪನ್‌ಹೇಗನ್‌ನಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ. ಅಪ್ಪ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ. ಆ ಅಪ್ಪ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ಮಗಳ ಕಾಲಕ್ಕೆ ಕೋರ್ಟೂ ಇತ್ತು, ಹೆಸರೂ ಇತ್ತು, ಅನುಕೂಲವೂ ಇತ್ತು.

ಮಗಳು ರಾಷ್ಟ್ರಮಟ್ಟದಲ್ಲಿ ಬ್ಯಾಡ್ಮಿಂಟನ್ ಆಡಿದವರು. ಅಪ್ಪನ ಆಟವನ್ನೇ ಬಿಟ್ಟು ಮಾಡೆಲಿಂಗ್ ಹಿಡಿದರು. ಡಿಗ್ರಿಗೆ ಸೇರಿ ಅರ್ಧಕ್ಕೆ ನಿಲ್ಲಿಸಿದರು. 2005ರಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್‌ನ ರ‍್ಯಾಂಪ್. 2006ರಲ್ಲಿ ಮೊದಲ ಸಿನಿಮಾ, ಅದೂ ಕನ್ನಡದ್ದು: ಇಂದ್ರಜಿತ್ ಲಂಕೇಶ್ ನಿರ್ದೇಶನದ 'ಐಶ್ವರ್ಯಾ', ನಾಯಕ ಉಪೇಂದ್ರ. 2007ರ ನವೆಂಬರಿನಲ್ಲಿ ಹಿಂದಿಯ 'ಓಂ ಶಾಂತಿ ಓಂ'. ದೇಶವೇ ತಿರುಗಿ ನೋಡಿತು. ಆದರೆ ಆ ಸಿನಿಮಾದಲ್ಲಿ ನಮಗೆ ಕೇಳಿಸೋ ದನಿ ಅವರದಲ್ಲ, ಬೇರೆ ಕಲಾವಿದೆಯ ಡಬ್ಬಿಂಗ್. ಆಮೇಲೆ 'ಚಾಂದನಿ ಚೌಕ್ ಟು ಚೈನಾ'ದಂಥ ಸೋಲುಗಳು ಬಂದವು. "ನೋಡೋಕೆ ಚೆನ್ನಾಗಿದ್ದಾಳೆ, ನಟನೆ ಬರಲ್ಲ" ಅನ್ನೋ ಮಾತು ತಗ್ಗಿದ್ದು 2012ರ 'ಕಾಕ್‌ಟೇಲ್' ಬಂದ ಮೇಲೆ. 2005ರಿಂದ 2012, ಲೆಕ್ಕ ಹಾಕಿದರೆ ಏಳು ವರ್ಷ.

"ನಮ್ಮಪ್ಪ ಏಳು ತಿಂಗಳೂ ಕೊಡಲ್ಲ" ಅಂದಳು ಇವಳು, ಕಿಟಕಿ ಕಡೆ ತಿರುಗಿಕೊಂಡು.

ಅರಸೀಕೆರೆ ಅಂದರೆ ನಮ್ಮಲ್ಲಿ ತುಂಬಾ ಜನಕ್ಕೆ ಟ್ರೇನ್ ನಿಂತಾಗ ಟೀ ಕುಡಿಯೋ ಜಂಕ್ಷನ್. ಅರಸಿಯ ಕೆರೆ ಅನ್ನೋದೇ ಅರಸೀಕೆರೆ ಆಯಿತು ಅಂತಾರೆ. 1220ರ ಸುಮಾರಿನ ಹೊಯ್ಸಳರ ಶಿವಾಲಯ ಇಲ್ಲೂ ಇದೆ. ನಕ್ಷತ್ರದ ಆಕಾರದ ಅದರ ಮುಖಮಂಟಪ ಬೇಲೂರಿನಲ್ಲೂ ಇಲ್ಲ. ಊರು ದಾಟಿದರೆ ತೆಂಗಿನ ತೋಟಗಳು. ಇವಳ ಮನೆ ಅಂಥ ಒಂದು ತೋಟದ ಪಕ್ಕ.

ರಾತ್ರಿ ಮುದ್ದೆ, ಅವರೆಕಾಳು ಸಾರು ಊಟ ಆದಮೇಲೆ ಜಗಲಿ ಮೇಲೆ ಕೂತಾಗ ಅವಳು ವಿಷಯ ತೆಗೆದಳು. ಅಂಕಲ್ ಬೈಯಲಿಲ್ಲ. ಎದ್ದು ಹೋಗಿ ನಮಗೆಲ್ಲ ಟಾರ್ಚ್ ಹಿಡಿದು ಅಟ್ಟ ತೋರಿಸಿದರು. ಸೂರಿನವರೆಗೂ ತೆಂಗಿನಕಾಯಿ.

"ಹಸಿ ಕಾಯಿ ಇವತ್ತು ಮಾರಿದ್ರೆ ಇವತ್ತೇ ದುಡ್ಡು. ಅಟ್ಟಕ್ಕೆ ಹಾಕಿದ್ರೆ ಹತ್ತು ಹನ್ನೊಂದು ತಿಂಗಳು ಕಾಯ್ಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದ್ರೆ ಲೊಟಲೊಟ ಅನ್ಬೇಕು. ಆಗ ಅದು ಉಂಡೆ ಕೊಬ್ಬರಿ, ತಿಪಟೂರು ಮಾರ್ಕೆಟ್ಟಲ್ಲಿ ಬೆಲೆ. ಕೆಲವು ಕೊಳ್ತೂ ಹೋಗ್ತವೆ. ಕೈಲಿ ಕಾಸಿಲ್ದೋನು ಏನ್ ಮಾಡ್ತಾನೆ? ಹಸಿ ಕಾಯಲ್ಲೇ ಮಾರ್ತಾನೆ. ಅವನ ಕಾಯಿ ಕೆಟ್ಟದ್ದು ಅಂತಲ್ಲ, ಅವನಿಗೆ ಕಾಯಕ್ಕಾಗಲ್ಲ ಅಷ್ಟೇ." ಆಮೇಲೆ ಮಗಳ ಕಡೆ ತಿರುಗಿ, "ನಿನ್ನ ಓದಿಗೆ ಅಂತ ಎರಡು ವರ್ಷ ನಾನು ಹಸಿ ಕಾಯಲ್ಲೇ ಮಾರಿದೀನಿ ಮಗ. ಈ ಸಲ ಅಟ್ಟ ತುಂಬಿದೆ. ನಿನ್ನ ಸಂಬಳ ಬರ್ತದೆ ಅಂತ ತುಂಬಿಸಿದೀನಿ" ಅಂದರು.

ನಮ್ಮ ಮೆಸ್ಸಿನ ವಾದಕ್ಕೆ ಇಷ್ಟು ನೇರವಾದ ಮಾತು ಯಾರೂ ಸೇರಿಸಿರಲಿಲ್ಲ. ಅನುಕೂಲಸ್ಥ ಮನೆ ಮಗಳಿಗೆ ಏನು ಕೊಡುತ್ತೆ ಅಂತ ಕೇಳಿದರೆ ನಾವು ಕಾರು, ಪರಿಚಯ, ಇಂಗ್ಲಿಷು ಅಂತ ಪಟ್ಟಿ ಮಾಡುತ್ತಿದ್ದೆವು. ಎಲ್ಲಕ್ಕಿಂತ ದೊಡ್ಡದಾಗಿ ಅದು ಕೊಡೋದು ಕಾಯೋ ಅವಕಾಶ. ಮೊದಲ ಸಿನಿಮಾದಲ್ಲಿ ದನಿ ಒಪ್ಪದಿದ್ದರೆ ಎರಡನೆಯದು, ಅದು ಸೋತರೆ ಮೂರನೆಯದು. ಅಷ್ಟರಲ್ಲಿ ಮನೆಯಲ್ಲಿ ಯಾರೂ ಕಂತಿನ ತಾರೀಖು ನೆನಪಿಸಲ್ಲ. ಹಾಗಂತ ಅಟ್ಟಕ್ಕೆ ಹಾಕಿದ ಕಾಯೆಲ್ಲ ಉಂಡೆ ಆಗಲ್ಲ ಅನ್ನೋದೂ ಅಂಕಲ್ ಅದೇ ಉಸಿರಲ್ಲಿ ಹೇಳಿದ್ದರು. ಮೆಸ್ಸಿನ ಎರಡೂ ಟೇಬಲ್‌ನ ಮಾತು ಅದರಲ್ಲೇ ಇತ್ತು.

ಆಂಟಿಯದು ಬೇರೆ ಪ್ರಶ್ನೆ. "ದುಡ್ಡು ಹೆಂಗೋ ಆಯ್ತದೆ. ರಾತ್ರಿ ಹನ್ನೊಂದಕ್ಕೆ ಶೂಟಿಂಗ್ ಮುಗಿದ್ರೆ ಯಾರ ಜೊತೆ ಬತ್ತೀಯಾ? ಅವರ ಮನೆ ಮಕ್ಕಳಿಗೆ ಡ್ರೈವರ್ ಇರ್ತಾನೆ." ಇದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹತ್ತಿರವೂ ಇರಲಿಲ್ಲ. ಸುಮ್ಮನೆ ಮಲಗಿದೆವು.

ಮಾರನೇ ದಿನ ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ. ಜಾವಗಲ್ ಬಂದಾಗ ಒಬ್ಬಳು ಎಲ್ಲರನ್ನೂ ಎಬ್ಬಿಸಿದಳು. ಮೈಸೂರಿನ ಎಸ್‌ಜೆಸಿಇಯಲ್ಲಿ ಇನ್‌ಸ್ಟ್ರುಮೆಂಟೇಷನ್ ಓದಿ ಬೌಲಿಂಗ್ ಮಾಡಲು ಹೋದ ಶ್ರೀನಾಥ್ ಹೆಸರಿನ ಮುಂದಿರೋ ಊರು ಇದೇ. "ನೋಡು, ಬ್ರ್ಯಾಂಚ್ ಬಿಟ್ಟು ಹೋದವರಲ್ಲಿ ನೀನೇ ಮೊದಲನೆಯವಳಲ್ಲ" ಅಂದೆವು. ಅವಳು ನಕ್ಕಳು, ಹಿಂದಿನ ರಾತ್ರಿಯಿಂದ ಅದೇ ಮೊದಲ ನಗು.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಹತ್ತಾರು ವರ್ಷ ನಡೆದ ಕೆಲಸ. ಆದರೂ ಇವತ್ತು ಶಿಖರ ಇಲ್ಲದೆ ನಿಂತಿದೆ. ಗೋಡೆಯ ಸುತ್ತ ಆನೆ, ಸಿಂಹ, ಕುದುರೆಗಳ ಸಾಲು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಷ್ಟೂ ಗಟ್ಟಿ ಅಂತ ಗೈಡ್ ಹೇಳಿದರು. ಒಂದು ಬಳೆ ಕೆತ್ತಲು ದಿನಗಟ್ಟಲೆ ಕೂತ ಶಿಲ್ಪಿಗೆ ಅಷ್ಟೂ ದಿನ ಯಾರೋ ಅನ್ನ ಹಾಕಿದ್ದಾರೆ. ರಾಜ, ಅಧಿಕಾರಿ, ದೋರಸಮುದ್ರದ ವರ್ತಕ, ಯಾರೇ ಆಗಿರಲಿ. ಕಾಯುವ ಖರ್ಚನ್ನು ಯಾರಾದರೂ ಹೊರಲೇಬೇಕು.

ಅಲ್ಲಿಂದ ಬೇಲೂರು ಹದಿನಾರು ಕಿಲೋಮೀಟರ್. ಚೆನ್ನಕೇಶವ ದೇವಾಲಯ 1117ರದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿಗೆ ಸೇರಿದವು. ಒಳಗೂ ಹೊರಗೂ ಸೇರಿ 42 ಮದನಿಕೆಯರು. ದರ್ಪಣಸುಂದರಿಯ ಕೆಳಗೆ ಯಾವಾಗಲೂ ಸೆಲ್ಫಿ ಜನ. ಅವಳು ಶಾಂತಲೆಯೇ ಅಂತ ಗೈಡ್‌ಗಳು ಹೇಳ್ತಾರೆ, ಆದರೆ ಹಾಗಂತ ಶಾಸನವೇನೂ ಹೇಳಲ್ಲ. ಮದನಿಕೆಯರಿಗೆ ಮಾದರಿಯಾಗಿ ನಿಂತ ಹೆಣ್ಣುಮಕ್ಕಳು ಇದ್ದಿದ್ದರೆ ಅವರ ಹೆಸರು ಎಲ್ಲೂ ಇಲ್ಲ. ಹೆಸರು ಇರೋದು ಶಿಲ್ಪಿಗಳದು, ಪೀಠದಲ್ಲಿ ಕೆತ್ತಿದ್ದು. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ.

"ಓಹೋ, ಇಲ್ಲೂ ಅಪ್ಪನ ಇನ್‌ಫ್ಲುಯೆನ್ಸ್" ಅಂದಳು ನಮ್ಮಲ್ಲೊಬ್ಬಳು. ನಕ್ಕೆವು, ಆದರೆ ಮಾತು ತಲೆಯಲ್ಲಿ ಕೂತಿತು. ಚಾವಣನಿಗೆ ಉಳಿ ಹಿಡಿಯೋಕೆ ಕಲಿಸಿದ್ದು ಅಪ್ಪನೇ ಇರಬೇಕು. ಇಂಥ ದೊಡ್ಡ ಕೆಲಸದ ಜಾಗಕ್ಕೆ ಕರೆತಂದದ್ದೂ ಅವನೇ ಇರಬಹುದು. ಆದರೆ ಕಲ್ಲಿನ ಮುಂದೆ ಕೂತಾಗ ಅಪ್ಪನ ಹೆಸರು ಉಳಿ ಹೊಡೆಯಲ್ಲ. ಚಾವಣ ಕೆತ್ತಿದ್ದು ಚೆನ್ನಾಗಿಲ್ಲ ಅಂತ 900 ವರ್ಷದಲ್ಲಿ ಯಾರೂ ಹೇಳಿಲ್ಲ. ಹಾಗೇ, ಅಪ್ಪ ಇಲ್ಲದ ಕಾರಣಕ್ಕೆ ಬೇಲೂರಿನವರೆಗೂ ಬರಲಾಗದ ಹುಡುಗರು ಬಳ್ಳಿಗಾವೆಯಲ್ಲಿ ಎಷ್ಟಿದ್ದರೋ, ಅವರ ಲೆಕ್ಕ ಯಾವ ಪೀಠದಲ್ಲೂ ಇಲ್ಲ.

ಚೆನ್ನಕೇಶವನ ಪಕ್ಕದಲ್ಲೇ ಕಪ್ಪೆ ಚೆನ್ನಿಗರಾಯನ ಚಿಕ್ಕ ಗುಡಿ. ಅದನ್ನು ಕಟ್ಟಿಸಿದ್ದು ಶಾಂತಲೆ. ಅವಳಿಗೂ ಒಳ್ಳೆ ಮನೆತನ, ನೃತ್ಯದ ಕಲಿಕೆ, ರಾಜನ ಕೈ ಎಲ್ಲ ಇತ್ತು. ಇದ್ದದ್ದರಿಂದ ಗುಡಿ ಕಟ್ಟಿಸಿದಳು, ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಇದು ದೀಪಿಕಾ ಕಥೆಯ ಇನ್ನೊಂದು ಭಾಗಕ್ಕೆ ನಮ್ಮನ್ನು ಕರೆದೊಯ್ಯಿತು. 2013ರಲ್ಲಿ ಸಾಲು ಸಾಲು ಹಿಟ್ ಕೊಟ್ಟ ಮರುವರ್ಷವೇ ಅವರಿಗೆ ಖಿನ್ನತೆ. ಹಣ, ಹೆಸರು ಎರಡೂ ಅದನ್ನು ತಡೆಯಲಿಲ್ಲ. ಆದರೆ ಅದನ್ನು ಗುರುತಿಸಿದ ತಾಯಿ ಇದ್ದರು, ವೈದ್ಯರ ಹತ್ತಿರ ಹೋಗುವ ಅನುಕೂಲ ಇತ್ತು. 2015ರಲ್ಲಿ ಟಿವಿಯಲ್ಲಿ ಕೂತು ಎಲ್ಲರ ಮುಂದೆ ಹೇಳಿದರು, ಅದೇ ವರ್ಷ ಲಿವ್ ಲವ್ ಲಾಫ್ ಫೌಂಡೇಶನ್ ಶುರು ಮಾಡಿದರು. ಆ ಸಂಸ್ಥೆ ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯದ ಕೆಲಸ ಆರಂಭಿಸಿದ್ದು ದಾವಣಗೆರೆ ಜಿಲ್ಲೆಯಲ್ಲಿ. ಅರಸೀಕೆರೆಯಲ್ಲಿ ಹುಬ್ಬಳ್ಳಿ ಕಡೆ ಟ್ರೇನ್ ಹತ್ತಿದರೆ ಅದೇ ದಾರಿಯಲ್ಲಿ ಸಿಗೋ ಊರು. ತನಗೆ ಸಿಕ್ಕ ಆಸರೆಯಲ್ಲಿ ಸ್ವಲ್ಪವನ್ನು ಮುಂದಕ್ಕೆ ದಾಟಿಸೋದು ಅಂದರೆ ಇದೇ ಅನಿಸಿತು.

ವಾಪಸ್ ಬಸ್ಸಿನಲ್ಲಿ ನಾವು ನಾಲ್ವರೂ ಪೆನ್ನು ತೆಗೆದೆವು. ನಮ್ಮಲ್ಲಿ ಯಾರ ಅಪ್ಪನೂ ಚಾಂಪಿಯನ್ ಅಲ್ಲ. ಮೂವರಿಗೆ ಬೆಂಗಳೂರಿನಲ್ಲೇ ಕೆಲಸ. ಹೇಗೂ ಮನೆ ಹಿಡಿಯಬೇಕು. ಬಾಡಿಗೆ ಮೂರು ಪಾಲು, ಮಲಗೋರು ನಾಲ್ಕು ಜನ. ಅವಳು ಫೋಟೊಶೂಟಿನ ದುಡ್ಡಲ್ಲಿ ರೇಷನ್ ನೋಡಿಕೊಳ್ಳಬೇಕು. ರಾತ್ರಿ ಲೇಟಾದರೆ ಲೊಕೇಶನ್ ಶೇರ್, ಆಟೊ ಬರೋವರೆಗೆ ಒಬ್ಬರು ಫೋನಲ್ಲಿ. ಇದು ಡ್ರೈವರ್‌ಗೆ ಸಮ ಅಲ್ಲ. ಆದರೂ ಆಂಟಿ ಪ್ರಶ್ನೆಗೆ ಏನೋ ಒಂದು ಉತ್ತರ.

ಮನೆಗೆ ಹೋಗಿ ಕಾಗದ ಅಂಕಲ್ ಕೈಗೆ ಕೊಟ್ಟೆವು. ಎರಡು ಸಲ ಓದಿದರು. "ಸಾಲದ ಕಂತು ಯಾವಾಗಿಂದ?" ಅಂತ ಮಗಳನ್ನು ಕೇಳಿದರು. ಕೋರ್ಸ್ ಮುಗಿದ ಒಂದು ವರ್ಷದ ಮೇಲೆ, ಅಲ್ಲಿವರೆಗೆ ಬಡ್ಡಿ ಮಾತ್ರ ಸೇರುತ್ತೆ ಅಂದಳು. ಸ್ವಲ್ಪ ಹೊತ್ತು ಲೆಕ್ಕ ಹಾಕಿ ಹೇಳಿದರು: "ಬ್ಯಾಂಕಿನವನೇ ಒಂದು ವರ್ಷ ಕಾಯ್ತಾನೆ ಅಂದ್ರೆ ನಾನು ಕಾಯ್ದೆ ಇರ್ತೀನಾ? ಆದ್ರೆ ಒಂದೇ ವರ್ಷ. ಅಷ್ಟರೊಳಗೆ ಲೊಟಲೊಟ ಅನ್ಲಿಲ್ಲ ಅಂದ್ರೆ ಕೆಲಸಕ್ಕೆ ಸೇರ್ಬೇಕು, ಕಂತು ನಿಂದೇ." ಆಂಟಿ ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ, ನಾಲ್ವರ ನಂಬರನ್ನೂ ಕ್ಯಾಲೆಂಡರ್ ಹಿಂದೆ ಬರೆದುಕೊಂಡರು.

ಸದ್ಯ ಜಾಲಹಳ್ಳಿ ಕಡೆ ಎರಡು ರೂಮಿನ ಮನೆ ಹುಡುಕುತ್ತಿದ್ದೇವೆ. ಅಡ್ವಾನ್ಸ್ ಕಮ್ಮಿ ಇರೋ ಮನೆ ಯಾರಿಗಾದರೂ ಗೊತ್ತಿದ್ದರೆ ಹೇಳಿ. ನಾಲ್ಕು ಜನ ಅಂತ ಓನರ್‌ಗೆ ಮೊದಲೇ ತಿಳಿಸಿರಿ.