ಕುರುಗೋಡಿನಲ್ಲಿ ಸಿಕ್ಕ ಆರು ವೋಲ್ಟ್

ಬಳ್ಳಾರಿ
ಗುರುವಾರ ರಾತ್ರಿ

ಅಪ್ಪಾ,

ಗಾಡಿ ಸರಿಹೋಯಿತು. ಮೊದಲು ಅದನ್ನು ಹೇಳಿಬಿಟ್ಟರೆ ಉಳಿದದ್ದನ್ನು ನೀವು ಸಮಾಧಾನದಿಂದ ಓದುತ್ತೀರಿ. ನಿನ್ನೆ ಚಿಕ್ಕಪ್ಪ ಫೋನಿನಲ್ಲಿ "ಕಿಡಿಯೇ ಬರ್ತಿಲ್ಲ" ಎಂದಷ್ಟೇ ಹೇಳಿ ಇಟ್ಟುಬಿಟ್ಟರಲ್ಲ, ಆ ಮಾತಿನ ಹಿಂದೆ ಮೂರು ಊರು ತಿರುಗಿದ ಕಥೆಯಿದೆ.

ತಾತನ 1982ರ ಮಾರ್ಕ್ 4 ಅಂಬಾಸಿಡರ್‌ನ ಒಳಹೊರಗು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದೇ 1489 ಸಿಸಿ ಪೆಟ್ರೋಲ್ ಎಂಜಿನ್, ಅದೇ 1-3-4-2 ಫೈರಿಂಗ್ ಆರ್ಡರ್. ನಿಮ್ಮ ಕೈಯಲ್ಲಿದ್ದಾಗ ಡೆಲ್ಕೋ (ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದು, ಪಾಯಿಂಟ್‌ಗೆ ಉಪ್ಪುಕಾಗದ ಉಜ್ಜಿ, 0.35ರಿಂದ 0.40 ಮಿಲಿಮೀಟರ್ ಸಂದು ಬಿಡುತ್ತಿದ್ದಿರಿ. ಫೀಲರ್ ಗೇಜ್ ಸಿಗದ ದಿನ ವಿಸಿಟಿಂಗ್ ಕಾರ್ಡನ್ನೇ ತೂರಿಸಿ ನೋಡಿದ್ದೂ ಉಂಟು. ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಎಂಜಿನಿಯರ್ 1910ರ ಕ್ಯಾಡಿಲಾಕ್‌ಗೆ ಅಳವಡಿಸಿದ ಏರ್ಪಾಡಿನ ವಂಶದ್ದೇ ಈ ಪಾಯಿಂಟ್ ಮತ್ತು ಕಾಯಿಲ್. ಕ್ರೈಸ್ಲರ್ ಕಂಪನಿ 1973ರ ಹೊತ್ತಿಗೆ ತನ್ನ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿತ್ತು. ಅದಾದ ಮೇಲೂ ನಮ್ಮ ಅಂಬಾಸಿಡರ್‌ಗಳು ಬಹಳ ಕಾಲ ಪಾಯಿಂಟ್ ನಂಬಿಕೊಂಡೇ ಓಡಿದವು.

ಕಳೆದ ತಿಂಗಳು ಚಿಕ್ಕಪ್ಪ ಆ ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆಸಿ ಅದೇ ಜಾಗಕ್ಕೆ ಎಲೆಕ್ಟ್ರಾನಿಕ್ ಕಿಟ್ ಕೂರಿಸಿದರು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ಕಪ್ಪು ಮಾಡ್ಯೂಲ್ ಅದು. ರೋಟರಿನ ಕೆಳಗೆ ಅಯಸ್ಕಾಂತದ ಬಳೆ ತಿರುಗುತ್ತದೆ, ಅದರ ಸುಳಿವನ್ನು ಒಳಗಿರುವ ಹಾಲ್ ಸೆನ್ಸರ್ ಹಿಡಿದು ಕಾಯಿಲ್‌ನ ಕರೆಂಟನ್ನು ಕಡಿಯುತ್ತದೆ. ಸವೆಯುವ ಭಾಗವೇ ಇಲ್ಲ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಪ್ಲಗ್‌ಗಳಿಗೂ ಸೇರಿ ನಿಮಿಷಕ್ಕೆ 6000 ಕಿಡಿ, ಅಂದರೆ ಸೆಕೆಂಡಿಗೆ ನೂರು ಬೇಕು. ಅಷ್ಟನ್ನೂ ಒಂದೂ ತಪ್ಪದೆ ಕೊಡುವ ಸಾಧನದಿಂದ ಹೊರಗೆ ಬರುವುದು ಎರಡೇ ವಯರ್: ಕೆಂಪು ಮತ್ತು ಕಪ್ಪು. ಕಪ್ಪು ಕಾಯಿಲ್‌ನ ಮೈನಸ್‌ಗೆ, ಕೆಂಪು ಪ್ಲಸ್ ಕಡೆಗೆ. ನಮ್ಮನ್ನು ಅಲೆದಾಡಿಸಿದ್ದು ಆ "ಪ್ಲಸ್ ಕಡೆಗೆ" ಎಂಬ ಮಾತೇ.

ಬುಧವಾರ ಬೆಳಿಗ್ಗೆ ಒಗ್ಗಾಣಿ ಮಿರ್ಚಿ ತಿಂದು ಸಿರುಗುಪ್ಪದ ಕಡೆ ಹೊರಟಾಗ ಗಾಡಿ ಒಂದೇ ಸೆಲ್ಫಿಗೆ ಎದ್ದಿತು. ಕೋಟೆ ಗುಡ್ಡದ ಬಂಡೆಗೆ ಆಗಿನ್ನೂ ಎಳೆಬಿಸಿಲು. ಹತ್ತು ಗಂಟೆ ದಾಟಿತೋ ಇಲ್ಲವೋ, ತೆಕ್ಕಲಕೋಟೆ ಹತ್ತಿರ ಮಿಸ್ಸಿಂಗ್ ಶುರುವಾಯಿತು. ಮೊದಲು ಒಂದು ಜರ್ಕ್, ಆಮೇಲೆ ಮೂರು, ಆಮೇಲೆ ಪೂರ್ತಿ ಬಂದ್. ಬೇವಿನ ನೆರಳಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್!

ಹಾಗೆ ನಿಂತು ಹೊರಟು ಸಿರುಗುಪ್ಪ ಮುಟ್ಟಿದೆವು. ತುಂಗಭದ್ರೆಯ ನೀರು ಕುಡಿದ ಸೀಮೆ, ಎತ್ತ ನೋಡಿದರೂ ಭತ್ತ, ರೈಸ್ ಮಿಲ್ಲು. ಗ್ಯಾರೇಜುಗಳಿಗೂ ಕೊರತೆಯಿಲ್ಲ, ಆದರೆ ಅಲ್ಲಿ ನಿಂತಿದ್ದವೆಲ್ಲ ಟ್ರ್ಯಾಕ್ಟರ್, ಲಾರಿ, ಭತ್ತ ಕೊಯ್ಯುವ ಯಂತ್ರ. ಎಲ್ಲವೂ ಡೀಸೆಲ್. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಗಾಳಿಯನ್ನು ಒತ್ತಿ ಕಾಯಿಸಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಸೆಲ್ಫ್ ಮೋಟಾರು, ಆಲ್ಟರ್ನೇಟರ್ ಬಿಚ್ಚಿ ಜೋಡಿಸುವುದರಲ್ಲಿ ಅಲ್ಲಿಯ ಹುಡುಗರು ಪಳಗಿದವರು. ಕಾಯಿಲ್ ಇಗ್ನಿಷನ್ನಿನ ಕೆಲಸ ಅವರ ಕೈಗೆ ಬರುವುದೇ ಅಪರೂಪ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಒಬ್ಬ ಹುಡುಗ ಶ್ರದ್ಧೆಯಿಂದಲೇ ಟೆಸ್ಟ್ ಲ್ಯಾಂಪ್ ಹಿಡಿದು ಕಾಯಿಲ್‌ನ ಪ್ಲಸ್ ಮುಟ್ಟಿದ. ದೀಪ ಹತ್ತಿತು. ಮೀಟರ್ ಇಟ್ಟ, 12.3 ವೋಲ್ಟ್. "ಕರೆಂಟ್ ಫುಲ್ ಐತ್ರಿ, ನಿಮ್ಮ ಕಿಟ್ಟೇ ಹೋಗೈತಿ" ಎಂದ. ಹಿಂದಿನ ದಿನ ಬಳ್ಳಾರಿಯಲ್ಲೂ ಒಬ್ಬರು ಇದನ್ನೇ ಹೇಳಿದ್ದರು. ನಿಮಗೆ ಫೋನ್ ಬಂದದ್ದು ಸಿರುಗುಪ್ಪದ ಈ ಮಾತಿನ ಬೆನ್ನಲ್ಲೇ.

ಇವತ್ತು ಹಿಂದಿರುಗುವಾಗ ಚಿಕ್ಕಪ್ಪ ಕುರುಗೋಡಿನ ದಾರಿ ಹಿಡಿದರು. ದೊಡ್ಡ ಬಸವೇಶ್ವರನಿಗೆ ಕಾಯಿ ಒಡೆಸಬೇಕೆಂದು ಚಿಕ್ಕಮ್ಮ ಹರಕೆ ಹೊತ್ತಿದ್ದರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದರು ಆಳಿದ ಊರು ಅದು. ಗರ್ಭಗುಡಿಯಲ್ಲಿ ಏಕಶಿಲೆಯ ಬಸವಣ್ಣ, ತಲೆ ಎತ್ತಿ ನೋಡಬೇಕಾದಷ್ಟು ದೊಡ್ಡವನು. ದರ್ಶನ ಮುಗಿಸಿ ಬಂದರೆ ಗಾಡಿ ಏಳಲೊಲ್ಲದು. ಅಲ್ಲೇ ಹತ್ತಿರ ಬೈಕ್ ಮತ್ತು ಆಟೋ ವೈರಿಂಗ್ ಮಾಡುವ ಒಬ್ಬ ಹಿರಿಯರ ಅಂಗಡಿಯಿತ್ತು.

ಅವರು ಮೊದಲು ನೋಡಿದ್ದು ಬ್ಯಾಟರಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ ತುದಿಯನ್ನೇ ಬಾಡಿಗೆ ಅರ್ತ್ ಮಾಡುವ ಪದ್ಧತಿಯಿತ್ತು. ಅಂಥ ಗಾಡಿಗೆ ಮೈನಸ್ ಅರ್ತ್‌ನ ಕಿಟ್ ಹಾಕಿದರೆ ಮಾಡ್ಯೂಲ್ ಸುಟ್ಟುಹೋಗಬಹುದು. ನಮ್ಮದು ಮೈನಸ್ ಅರ್ತ್, ಸರಿಯಿತ್ತು. ಆಮೇಲೆ ಮಾಡ್ಯೂಲ್ ಕೂತ ತಟ್ಟೆಯಿಂದ ಡೆಲ್ಕೋ ಬಾಡಿಗೆ ಬರುವ ಸಣ್ಣ ಅರ್ತ್ ವಯರನ್ನು ಬೆರಳಿನಿಂದ ಎಳೆದು ನೋಡಿದರು. ಅದೂ ಗಟ್ಟಿಯಿತ್ತು. ಮೂರನೆಯದಾಗಿ, ಮಾಡ್ಯೂಲಿನ ಕಪ್ಪು ವಯರನ್ನು ಕಾಯಿಲ್‌ನಿಂದ ಬಿಡಿಸಿ ಪಕ್ಕಕ್ಕೆ ಸರಿಸಿದರು. ಕಾಯಿಲ್‌ನಿಂದ ಬರುವ ದಪ್ಪ ವಯರನ್ನು ಡೆಲ್ಕೋ ಮುಚ್ಚಳದಿಂದ ಕಿತ್ತು, ಅದರ ತುದಿಯನ್ನು ಎಂಜಿನ್ ಬ್ಲಾಕಿಗೆ ಅರ್ಧ ಬೆರಳು ದೂರ ಇಟ್ಟು ಕಟ್ಟಿದರು. ಕೀ ಆನ್. ಪ್ಲಸ್ ಮೇಲೆ ಮೀಟರ್: 12.3, ಸಿರುಗುಪ್ಪದಲ್ಲಿ ಬಂದಷ್ಟೇ. ಈಗ ಒಂದು ತುಂಡು ವಯರಿನಿಂದ ಕಾಯಿಲ್‌ನ ಮೈನಸ್ಸನ್ನು ಒಂದು ಕ್ಷಣ ಬಾಡಿಗೆ ಮುಟ್ಟಿಸಿದರು.

ಮೀಟರ್ 6.1ಕ್ಕೆ ಇಳಿಯಿತು. ವಯರ್ ತೆಗೆದ ಕೂಡಲೇ ಬ್ಲಾಕಿಗೆ ಟಪ್ಪೆಂದು ನೀಲಿ ಕಿಡಿ ಹಾರಿತು.

"ಕಾಯಿಲ್ ಚಲೋ ಐತ್ರಿ. ಕರೆಂಟೂ ಐತಿ, ಆದ್ರ ಕೆಲಸಕ್ಕ ನಿಂತಾಗ ಅರ್ಧನ ಉಳೀತೈತಿ," ಎಂದರು.

ಅರ್ಧ ನುಂಗುತ್ತಿದ್ದದ್ದು ಫೆಂಡರಿನ ಒಳಮೈಗೆ ಕೂರಿಸಿದ್ದ, ಧೂಳು ಮೆತ್ತಿದ ಬಿಳಿ ಪಿಂಗಾಣಿ ತುಂಡು. ಅದೇ ಬ್ಯಾಲಸ್ಟ್ ರೆಸಿಸ್ಟರ್. ಹಿಂದೊಮ್ಮೆ ಕಾಯಿಲ್ ಸುಟ್ಟಾಗ ಯಾರೋ ಬೇರೆ ಗಾಡಿಯ ಕಾಯಿಲ್ ಹಾಕಿ, ಅದಕ್ಕೆ ಜೊತೆಯಾಗಿ ಇದನ್ನೂ ಸೇರಿಸಿದ್ದರು. ಲೆಕ್ಕ ಸುಲಭ: ಬ್ಯಾಲಸ್ಟ್ ಸುಮಾರು 1.5 ಓಮ್, ಕಾಯಿಲ್ ಸುಮಾರು 1.5 ಓಮ್. ಕರೆಂಟ್ ಹರಿಯದಿದ್ದಾಗ ಬ್ಯಾಲಸ್ಟಿನಲ್ಲಿ ವೋಲ್ಟೇಜ್ ಇಳಿಯುವುದೇ ಇಲ್ಲ, ಮೀಟರ್ ಪೂರ್ತಿ ಹನ್ನೆರಡು ತೋರಿಸುತ್ತದೆ. ನಾಲ್ಕು ಆಂಪಿಯರ್ ಹರಿಯತೊಡಗಿತೋ, ಆರು ವೋಲ್ಟ್ ಅಲ್ಲೇ ಇಳಿದುಹೋಗುತ್ತದೆ. ಟೆಸ್ಟ್ ಲ್ಯಾಂಪಿನ ಚಿಕ್ಕ ಬಲ್ಬು ಅರ್ಧ ಆಂಪಿಯರನ್ನೂ ಎಳೆಯದು, ಅದಕ್ಕೂ ಈ ಇಳಿತ ಕಾಣದು. ಇಬ್ಬರು ಎಲೆಕ್ಟ್ರಿಷಿಯನ್ನರೂ ಕಂಡದ್ದನ್ನೇ ಹೇಳಿದ್ದರು, ಅವರ ಮೀಟರ್ ಸುಳ್ಳಾಡಿರಲಿಲ್ಲ.

ಕಾಯಿಲ್‌ಗೆ ಆ ಇಳಿತ ಬೇಕು, ಅದು ಅದಕ್ಕೆಂದೇ ಮಾಡಿದ್ದು. ಮಾಡ್ಯೂಲಿಗೆ ಮಾತ್ರ ಪೂರ್ತಿ ವೋಲ್ಟೇಜ್ ಬೇಕು. ಕಿಟ್ ಕೂರಿಸಿದವರು ಕೆಂಪು ವಯರನ್ನು ಹತ್ತಿರದಲ್ಲಿದ್ದ ಕಾಯಿಲ್ ಪ್ಲಸ್‌ಗೆ, ಅಂದರೆ ಬ್ಯಾಲಸ್ಟ್ ದಾಟಿದ ಮೇಲಿನ ಜಾಗಕ್ಕೆ ಸಿಕ್ಕಿಸಿದ್ದರು. ತಂಪಿನಲ್ಲಿ ಹೇಗೋ ನಡೆಯುತ್ತಿತ್ತು. ಬಳ್ಳಾರಿ ಬಿಸಿಲಿಗೆ ಬ್ಯಾಲಸ್ಟ್ ಕಾದಷ್ಟೂ ಅದರ ತಡೆ ಏರಿ, ಮಾಡ್ಯೂಲಿಗೆ ಉಸಿರುಗಟ್ಟುತ್ತಿತ್ತು.

ಹಿರಿಯರು ಕೆಂಪು ವಯರನ್ನು ಬ್ಯಾಲಸ್ಟಿನ ಆಚೆ ತುದಿಗೆ, ಕೀ ಕಡೆಯಿಂದ ವಯರ್ ಬಂದು ಸೇರುವಲ್ಲಿಗೆ ಸರಿಸಿದರು. ಹೊಸ ಲಗ್ ಒತ್ತಿ, ಸ್ಲೀವ್ ಏರಿಸಿ, ಬಿಸಿ ಸೈಲೆನ್ಸರ್ ಪೈಪಿಗೆ ತಾಗದಂತೆ ಟ್ಯಾಗ್ ಕಟ್ಟಿದರು. ಕಪ್ಪು ವಯರ್, ದಪ್ಪ ವಯರ್ ಎರಡನ್ನೂ ಅವುಗಳ ಜಾಗಕ್ಕೆ ಹಾಕಿ ಮತ್ತೆ ಅಳೆದಾಗ ಕೆಂಪಿನಲ್ಲಿ 12ರ ಆಸುಪಾಸು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಕೇಳಿದ್ದು ನೂರೈವತ್ತು ರೂಪಾಯಿ, ಚಿಕ್ಕಪ್ಪ ಐನೂರು ಕೊಟ್ಟು ಕೈಮುಗಿದರು. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು: ಎಂಜಿನ್ ನಿಲ್ಲಿಸಿ ಕೀ ಆನ್ ಇಟ್ಟು ಹಾಡು ಕೇಳುತ್ತ ಕೂಡಬೇಡಿ, ಕಾಯಿಲ್ ಮತ್ತು ಮಾಡ್ಯೂಲ್ ಎರಡೂ ಕಾದು ಹೋಗುತ್ತವೆ.

ಕುರುಗೋಡಿನಿಂದ ಬಳ್ಳಾರಿಯವರೆಗೆ ಉರಿಬಿಸಿಲಲ್ಲೇ ಬಂದೆವು. ಒಂದು ಸಲವೂ ಮಿಸ್ಸಿಂಗ್ ಇಲ್ಲ. ಚಿಕ್ಕಪ್ಪ ದಾರಿಯುದ್ದಕ್ಕೂ ರೇಡಿಯೋ ಹಾಕಲಿಲ್ಲ, ಎಂಜಿನ್ ಸದ್ದು ಕೇಳುತ್ತ ಬಂದರು.

ನಿಮ್ಮಿಂದ ಒಂದು ಕೆಲಸವಾಗಬೇಕು. ಅಟ್ಟದ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ನಿಮ್ಮ ಹಳೆಯ ಪಾಯಿಂಟ್ ಸೆಟ್ಟು, ಕಂಡೆನ್ಸರ್ ಇರಬೇಕಂತೆ. ಡಿಕ್ಕಿಯಲ್ಲಿ ಸ್ಪೇರ್ ಇರಲಿ, ದಾರಿಯಲ್ಲಿ ಮಾಡ್ಯೂಲ್ ಕೈಕೊಟ್ಟರೆ ಅದನ್ನೇ ಹಾಕಿಕೊಂಡು ಮನೆ ಸೇರಬಹುದು ಎನ್ನುತ್ತಾರೆ ಚಿಕ್ಕಪ್ಪ. ಫೀಲರ್ ಗೇಜೂ ಅಲ್ಲೇ ಇದ್ದರೆ ಜೊತೆಗಿಟ್ಟು ಕೊರಿಯರ್ ಮಾಡಿ. ಭಾನುವಾರದವರೆಗೆ ಇಲ್ಲೇ ಇರುತ್ತೇವೆ. ಅಮ್ಮನಿಗೆ ಕುರುಗೋಡಿನ ಪ್ರಸಾದ ತೆಗೆದಿಟ್ಟಿದೆ.

ನಿಮ್ಮ ಮಗಳು