ಹಗುರ ಕವಿಯೇ?

ಬಿ.ಆರ್. ಲಕ್ಷ್ಮಣರಾವ್ ಅವರನ್ನು ‘ಬಾ ಮಳೆಯೇ ಬಾ’ ಬರೆದ ಭಾವಗೀತೆಯ ಕವಿ ಎಂದಷ್ಟೇ ನೆನೆಯುವವರು ಅವರ ಅರ್ಧ ಬದುಕನ್ನೇ ಬಿಟ್ಟಂತೆ. 1946ರಲ್ಲಿ ಹುಟ್ಟಿದ ಈ ಚಿಂತಾಮಣಿಯ ಕವಿಯ ಮೊದಲ ಸಂಕಲನ ‘ಗೋಪಿ ಮತ್ತು ಗಾಂಡಲೀನ’ ಬಂದದ್ದು 1971ರಲ್ಲಿ. ಆಗಿನ್ನೂ ನವ್ಯಕಾವ್ಯ ಹುಬ್ಬು ಗಂಟಿಕ್ಕಿಕೊಂಡೇ ಕೂತಿದ್ದ ಕಾಲ. ಅಲ್ಲಿಗೆ ಇವರು ಕ್ಯಾಬರೆ ನರ್ತಕಿಯನ್ನೂ ಅವಳನ್ನು ಕಣ್ಣರಳಿಸಿ ನೋಡುವ ಹಳ್ಳಿ ಹುಡುಗನನ್ನೂ ಕರೆತಂದರು. ಪೋಲಿತನ ಎನ್ನುವವರು ಅಂದೂ ಇದ್ದಿರಬಹುದು, ಇಂದೂ ಇದ್ದಾರು. ಆದರೆ ಊರಿನ ಸಂಕೋಚ ನಗರದ ಥಳಕಿಗೆ ಡಿಕ್ಕಿ ಹೊಡೆಯುವ ಗಳಿಗೆಯನ್ನು ನಗಿಸುತ್ತಲೇ ಹಿಡಿಯುವುದು ಸುಲಭದ ಕೆಲಸವೇನಲ್ಲ (ಗಂಭೀರವಾಗಿ ಬೋರು ಹೊಡೆಸುವುದೇ ಎಷ್ಟೋ ಸುಲಭ). ಮುಂದೆ ಹಾಡಿಗೆ ಒಲಿದದ್ದು ಜನಪ್ರಿಯತೆಗೆ ಮಣಿದದ್ದು ಎಂಬ ಆಕ್ಷೇಪವೂ ನನಗೆ ಒಪ್ಪಿಗೆಯಿಲ್ಲ: ಅದೇ ಚಿಂತಾಮಣಿಯ ಪಕ್ಕದ ಕೈವಾರದ ತಾತಯ್ಯನವರ ತತ್ವಪದಗಳೂ ಜನರ ಬಾಯಲ್ಲಿ ಉಳಿದದ್ದು ಹಾಡಾಗಿಯೇ.